ತುಳಿದೊಡನೆ ನಡುಗುವ ಕಾರು

ನಿಂತಿರುವಾಗ ಸಾಧುವಾಗಿಯೂ ಸಮವೇಗದಲ್ಲಿ ಸಾಗುವಾಗ ಬಹುಮಟ್ಟಿಗೆ ಶಾಂತವಾಗಿಯೂ ಇದ್ದು, ಆಕ್ಸಿಲರೇಟರನ್ನು ತುಳಿದೊಡನೆಯೇ ಮೈಯೆಲ್ಲ ನಡುಗಿಸಿಕೊಂಡು ಮುಗ್ಗರಿಸುವ ಕಾರು ತನ್ನ ಒಡೆಯನಲ್ಲಿ ಹುಟ್ಟಿಸುವ ಕಳವಳಕ್ಕೆ ಎರಡು ಕಾರಣಗಳುಂಟು: ಒಂದು, ನಡುರಸ್ತೆಯಲ್ಲಿ ನಿಂತೇಬಿಟ್ಟರೆ ಗತಿಯೇನೆಂಬ ಭಯ; ಇನ್ನೊಂದು, ಗ್ಯಾರೇಜಿಗೆ ಒಯ್ದರೆ ಯಾವ ಯಾವ ಭಾಗಗಳನ್ನು ಬದಲಿಸಿ ಎಷ್ಟರ ಬಿಲ್ಲನ್ನು ಕೈಗಿಡುವರೋ ಎಂಬ, ಅದಕ್ಕಿಂತಲೂ ಸಕಾರಣವಾದ ಭಯ. ಬೊಮ್ಮನಹಳ್ಳಿಯಿಂದ ಹೊಂಗಸಂದ್ರವನ್ನು ಹಾದು ಬೇಗೂರಿಗೆ ಬರುವ ಮುಖ್ಯರಸ್ತೆಯ ಇಕ್ಕೆಲಗಳಲ್ಲಿಯೂ, ಅಲ್ಲಿಂದ ಕೊಪ್ಪದ ಕಡೆಗೂ ಹುಳಿಮಾವಿನ ಕಡೆಗೂ ಹೊರಳುವ ದಾರಿಗಳಲ್ಲಿಯೂ ಇರುವ ಸಣ್ಣಪುಟ್ಟ ಗ್ಯಾರೇಜುಗಳ ಮುಂದೆ ಶನಿವಾರದ ಬೆಳಗ್ಗೆ ಒಂದಷ್ಟು ಹೊತ್ತು ನಿಂತವರಿಗೆ ಈ ದೂರು ನಾನಾ ರೂಪಗಳಲ್ಲಿ ಕೇಳಿಬರುತ್ತದೆ. ಒಬ್ಬರು ‘ಜರ್ಕ್ ಹೊಡೀತಿದೆ’ ಎನ್ನುತ್ತಾರೆ. ಇನ್ನೊಬ್ಬರು ‘ಪಿಕಪ್ಪೇ ಇಲ್ಲ, ಮಿಸ್ಸಿಂಗು’ ಎನ್ನುತ್ತಾರೆ. ಮತ್ತೊಬ್ಬರದು ಬರಿಯ ‘ವೈಬ್ರೇಷನ್’. ಮೂವರೂ ಹೇಳುತ್ತಿರುವುದು ಒಂದೇ ರೋಗವನ್ನೆಂದು ಮೆಕ್ಯಾನಿಕ್ ಭಾವಿಸಿದನೆಂದರೆ, ಮೂವರಲ್ಲಿ ಇಬ್ಬರ ಹಣವಾದರೂ ವ್ಯರ್ಥವಾಯಿತೆಂದೇ ತಿಳಿಯಬೇಕು.

ಬೇಗೂರು ಇಂದು ನಿನ್ನೆಯ ಊರಲ್ಲ. ಬೆಂಗಳೂರು ಎಂಬ ಹೆಸರು ಮೊತ್ತಮೊದಲು ಕಾಣಿಸಿಕೊಳ್ಳುವ, ಸುಮಾರು ಕ್ರಿ.ಶ. 900ರ ಗಂಗರ ಕಾಲದ ಶಾಸನ ದೊರೆತದ್ದು ಇಲ್ಲಿಯ ನಾಗೇಶ್ವರ ದೇವಾಲಯದಲ್ಲಿ. ಆದರೆ ಈ ಊರಿನ ರಸ್ತೆಗಳಿಗೆ ಕಾರುಗಳ ಪ್ರವಾಹ ಬಂದದ್ದು ಅದರ ಸಹಸ್ರ ವರ್ಷಗಳ ತರುವಾಯ, 1970ರ ದಶಕದ ಕೊನೆಯಲ್ಲಿ ಆರ್. ಕೆ. ಬಾಳಿಗರ ಮುಂದಾಳ್ತನದಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲು ತೊಡಗಿ, ಅದರ ನೌಕರವರ್ಗವು ಸುತ್ತಣ ಹಳ್ಳಿಗಳಿಗೆ ಹಬ್ಬಿಕೊಂಡ ಮೇಲೆ. ಈ ಪ್ರದೇಶದ ಕಾರಿನ ಬಾಳು ಒಂದು ವಿಶಿಷ್ಟವಾದ ಬಾಳು. ಅದು ಅರ್ಧ ದಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ತೇವದಲ್ಲಿ ಇಲಿಗಳ ಸಹವಾಸದಲ್ಲಿರುತ್ತದೆ, ಹೊರಗೆ ಹೊರಟರೆ ಮೊದಲ ಗೇರಿಗೂ ಎರಡನೆಯದಕ್ಕೂ ನಡುವೆ ಅರೆ ಕ್ಲಚ್ಚಿನಲ್ಲಿ ತೆವಳುತ್ತದೆ, ಹಂಪುಗಳನ್ನು ಹತ್ತಿಳಿಯುತ್ತದೆ, ಮಳೆ ಬಂದು ಕೆರೆಯ ಕೋಡಿಯ ನೀರು ರಸ್ತೆಗೆ ಹರಿದಾಗ ಅದರಲ್ಲಿ ಈಸುತ್ತದೆ, ಬೇಸಗೆಯಲ್ಲಿ, ಸದಾ ನಡೆಯುತ್ತಿರುವ ಕಟ್ಟಡ ಕಾಮಗಾರಿಗಳ ಧೂಳನ್ನು ಉಸಿರಾಡುತ್ತದೆ. ಮುಂದೆ ಹೇಳಲಿರುವ ಕಾಯಿಲೆಗಳಲ್ಲಿ ಈ ದಿನಚರಿಯಿಂದ ಹುಟ್ಟದಿರುವಂಥವು ವಿರಳ.

ನನ್ನ ಅಭಿಪ್ರಾಯದಲ್ಲಿ ಈ ನಡುಕದ ವಿಷಯವಾಗಿ ಕೇಳತಕ್ಕ ಮೊದಲ ಪ್ರಶ್ನೆ ‘ಏನು ಕೆಟ್ಟಿದೆ’ ಎಂಬುದಲ್ಲ, ‘ಯಾವಾಗ ನಡುಗುತ್ತದೆ’ ಎಂಬುದು. ಆಯುರ್ವೇದದ ಆಚಾರ್ಯರು ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ವಿಧಗಳಿಂದ ಪರೀಕ್ಷಿಸತಕ್ಕದ್ದೆಂದು ವಿಧಿಸಿದರಷ್ಟೆ. ಮೋಟಾರು ಗಾಡಿಯ ಚಿಕಿತ್ಸಕನಿಗೂ ಆ ಮೂರೇ ಸಾಕು, ಆದರೆ ಇವನಿಗೆ ಪ್ರಶ್ನೆಯೇ ಮೊದಲು ಬರತಕ್ಕದ್ದು, ಏಕೆಂದರೆ ಬಾನೆಟ್ಟನ್ನು ತೆರೆದು ನಿಲ್ಲಿಸಿದ ಕಾರಿನಲ್ಲಿ ರೋಗಲಕ್ಷಣವು ಬಹುಶಃ ಇರುವುದೇ ಇಲ್ಲ. ನಡುಕವು ಅನುಸರಿಸಬಹುದಾದ ಒಡೆಯರು ಮೂವರು. ಎಂಜಿನ್ನಿನ ಮೇಲೆ ಬಿದ್ದ ಭಾರವನ್ನು ಅದು ಅನುಸರಿಸಬಹುದು, ಎಂದರೆ ತುಳಿದಾಗ ಬಂದು ಕಾಲೆತ್ತಿದಾಗ ಹೋಗಬಹುದು. ಎಂಜಿನ್ನಿನ ಸುತ್ತುಗಳನ್ನು ಅನುಸರಿಸಬಹುದು, ಎಂದರೆ ಯಾವ ಗೇರಿನಲ್ಲಿದ್ದರೂ ಸುತ್ತುಮಾಪಕದ ಮುಳ್ಳು ಒಂದು ಅಂಕೆಗೆ ಬಂದಾಗ ಮಾತ್ರ ತೋರಬಹುದು. ಅಥವಾ ಗಾಡಿಯ ವೇಗವನ್ನೇ ಅನುಸರಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು ಎಂಜಿನ್ನನ್ನು ಬೇರ್ಪಡಿಸಿದರೂ ಹಟ ಬಿಡದೆ ಇರಬಹುದು. ಈ ಮೂರರಲ್ಲಿ ಯಾವುದೆಂದು ತಿಳಿದ ಮರುಕ್ಷಣದಲ್ಲಿ ಅಪರಾಧಿಗಳ ಪಟ್ಟಿಯ ಮೂರನೆಯ ಎರಡು ಪಾಲು ಅಳಿಸಿಹೋಗುತ್ತದೆ, ಅದೂ ಒಂದು ಬೋಲ್ಟನ್ನೂ ಬಿಚ್ಚದೆ.

ಪರೀಕ್ಷೆಗೆ ಹೊರಡುವ ಮುನ್ನ ಗಾಡಿಯದಲ್ಲದ ಒಂದು ದೋಷವನ್ನು ಬದಿಗಿರಿಸಬೇಕು. ಹಂಪನ್ನು ಮೂರನೆಯ ಗೇರಿನಲ್ಲಿಯೇ ಇಳಿದು, ಗಂಟೆಗೆ ಇಪ್ಪತ್ತು ಕಿಲೋಮೀಟರಿನ ವೇಗದಲ್ಲಿ ಹಾಗೆಯೇ ಆಕ್ಸಿಲರೇಟರನ್ನು ಅದುಮಿದರೆ ಯಾವ ಕಾರಾದರೂ ನಡುಗಿಯೇ ತೀರುತ್ತದೆ. ಅದರಲ್ಲಿಯೂ ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲಿನವಕ್ಕೆ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಕ್ಕೆ ಇದ್ದಂತೆ, ಮೂರೇ ಸಿಲಿಂಡರುಗಳು. ಒಂದು ಸ್ಫೋಟಕ್ಕೂ ಮತ್ತೊಂದಕ್ಕೂ ನಡುವೆ ಅಂತರ ಹೆಚ್ಚು, ಆದುದರಿಂದ ಕಡಿಮೆ ಸುತ್ತಿನಲ್ಲಿ ಒರಟುತನವೂ ಹೆಚ್ಚು. ಎರಡನೆಯ ಗೇರಿಗೆ ಇಳಿಸಿದರೆ ವಾಸಿಯಾಗುವ ಈ ಕಾಯಿಲೆಗೆ ಮೆಕ್ಯಾನಿಕ್ಕಿಗೆ ಕಾಸು ಕೊಡಬೇಕಾದುದಿಲ್ಲ. ಹಾಗೆಯೇ, 2014ರಲ್ಲಿ ಮಾರುತಿಯ ಸೆಲೆರಿಯೊ ಮೂಲಕ ನಮ್ಮಲ್ಲಿ ಪ್ರಚಾರಕ್ಕೆ ಬಂದ, ಕ್ಲಚ್ಚನ್ನೂ ಗೇರನ್ನೂ ತಾವೇ ನಿಭಾಯಿಸುವ ಎ.ಎಂ.ಟಿ. ಗಾಡಿಗಳು ಗೇರು ಬದಲಿಸುವ ಗಳಿಗೆಯಲ್ಲಿ ತಲೆತೂಗುವುದು ಅವುಗಳ ಸ್ವಭಾವವೇ ಹೊರತು ವ್ಯಾಧಿಯಲ್ಲ.

ಬೇಗೂರಿನವರಿಗೆ ಪರೀಕ್ಷಾರಂಗವು ಸಮೀಪದಲ್ಲಿಯೇ ಇದೆ. 2010ರ ಜನವರಿಯಲ್ಲಿ ತೆರೆದ, ಬೊಮ್ಮನಹಳ್ಳಿಯ ಬಳಿಯಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸುಮಾರು ಹತ್ತು ಕಿಲೋಮೀಟರ್ ಉದ್ದದ ಎತ್ತರದ ರಸ್ತೆಯನ್ನು ಭಾನುವಾರದ ಮುಂಜಾನೆ ಸುಂಕ ಕೊಟ್ಟು ಏರಿದರೆ, ಏರುದಾರಿಯೊಂದೂ ಅಡ್ಡಿಯಿಲ್ಲದ ನೇರ ಓಟವೊಂದೂ ಒಟ್ಟಿಗೆ ದೊರೆಯುತ್ತವೆ. ಏರುವಾಗ ಭಾರ ಹೆಚ್ಚು. ಅಲ್ಲಿ ನಡುಗಿ, ಮೇಲೆ ಸಮವಾದ ಮೇಲೆ ಸುಮ್ಮನಾದರೆ ಅದು ಮೊದಲನೆಯ ಬಗೆ. ಮೇಲೆ ಗಂಟೆಗೆ ಎಪ್ಪತ್ತರ ವೇಗದಲ್ಲಿ ಕಾಲನ್ನು ಮೆಲ್ಲಗೆ ಎತ್ತಿದಾಗಲೂ ಸ್ಟೀರಿಂಗ್ ನಡುಗುತ್ತಲೇ ಇದ್ದರೆ ಮೂರನೆಯ ಬಗೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಸೇತುವೆಯ ಹಾಸುಗಳ ನಡುವಣ ಸಂದುಗಳು ಸಮಾನ ದೂರದಲ್ಲಿರುವುದರಿಂದ, ಅವುಗಳ ಮೇಲೆ ಹಾಯುವ ಚಕ್ರಗಳು ತಾಳಬದ್ಧವಾಗಿ ತಟ್ಟುತ್ತವೆ, ಅದನ್ನು ಕಾರಿನ ರೋಗವೆಂದು ಬರೆದುಕೊಂಡು ಬಂದವರೂ ಉಂಟು.

ಇನ್ನು ಮೊದಲನೆಯ ಬಗೆಯ, ಎಂದರೆ ಭಾರವನ್ನು ಅನುಸರಿಸುವ ನಡುಕದಲ್ಲಿ, ಪೆಟ್ರೋಲು ಕಾರುಗಳ ಮಟ್ಟಿಗೆ ಅತಿ ಸಾಮಾನ್ಯವಾದ ಕಾರಣ ಕಿಡಿಯ ದೌರ್ಬಲ್ಯ. ನಿಂತಾಗ ಸರಿಯಾಗಿಯೇ ಉರಿಯುವ ಎಂಜಿನ್ನು ತುಳಿದಾಗ ಮಾತ್ರ ಏಕೆ ತಪ್ಪುತ್ತದೆ ಎಂಬುದು ಒಡೆಯರನ್ನು ಬಹಳವಾಗಿ ಕಾಡುವ ಪ್ರಶ್ನೆಯಾದುದರಿಂದ ಇದನ್ನು ತುಸು ವಿಸ್ತರಿಸಿ ಹೇಳುವುದು ಉಚಿತ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರಿನಲ್ಲಿಯೂ ನಿಮಿಷಕ್ಕೆ 1500 ಬಾರಿ, ಒಟ್ಟಿನಲ್ಲಿ ಸೆಕೆಂಡಿಗೆ ನೂರು ಬಾರಿ, ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಮಿಲಿಮೀಟರಿನ ಆಸುಪಾಸಿನ ಒಂದು ತೆರಪನ್ನು ಕಿಡಿಯು ಹಾರಬೇಕು. ಕಿಡಿಯು ಹಾರಬೇಕಾದುದು ಬಯಲಿನ ಗಾಳಿಯಲ್ಲಲ್ಲ, ಪಿಸ್ಟನ್ನು ಒತ್ತಿ ಹಿಂಡಿದ ಗಾಳಿ ಪೆಟ್ರೋಲುಗಳ ಮಿಶ್ರಣದಲ್ಲಿ. ಅನಿಲದ ಒತ್ತಡವು ಏರಿದಷ್ಟೂ ಅದನ್ನು ಭೇದಿಸಲು ವಿದ್ಯುತ್ತಿನ ಒತ್ತಡವೂ ಏರಬೇಕೆಂಬುದು ಭೌತಶಾಸ್ತ್ರದ ನಿಯಮ. ಕಾಲು ಆಕ್ಸಿಲರೇಟರಿನ ಮೇಲಿಲ್ಲದಾಗ ಸಿಲಿಂಡರಿನೊಳಗೆ ಬರುವ ಗಾಳಿ ಅತ್ಯಲ್ಪ, ಒತ್ತಡವೂ ಅಲ್ಪ, ಬಡಕಲಾದ ಕಿಡಿಯೂ ಹೇಗೋ ದಾಟಿಬಿಡುತ್ತದೆ; ಪೂರ್ತಿ ತುಳಿದಾಗ ಸಿಲಿಂಡರು ತುಂಬುತ್ತದೆ, ಇಪ್ಪತ್ತು ಮೂವತ್ತು ಸಾವಿರ ವೋಲ್ಟುಗಳ ಬೇಡಿಕೆ ಏಳುತ್ತದೆ, ಆಗ ಸವೆದು ತೆರಪು ಅಗಲವಾದ ಪ್ಲಗ್ಗಾಗಲಿ, ಅದಕ್ಕೆ ವಿದ್ಯುತ್ತನ್ನು ಒದಗಿಸುವ, ಒಳಗೆ ಹೊದಿಕೆ ಸೀಳಿದ ಕಾಯಿಲ್ಲಾಗಲಿ ಆ ಬೇಡಿಕೆಯನ್ನು ಪೂರೈಸಲಾರದೆ ಸೋಲುತ್ತದೆ. ವಿದ್ಯುತ್ತು ತನಗೆ ಸುಲಭವಾದ ಬೇರೊಂದು ದಾರಿಯಿಂದ ಲೋಹದ ಮೈಗೆ ಇಳಿದುಹೋಗುತ್ತದೆ. ಆ ಸಿಲಿಂಡರಿನ ಪಾಲಿನ ನೂಕು ಬಾರದೆ, ಉಳಿದ ಮೂರರ ನಡುವೆ ಒಂದು ಗುಂಡಿ ಬೀಳುತ್ತದೆ. ನಿಮಿಷಕ್ಕೆ 1500 ಸುತ್ತುಗಳಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಗುಂಡಿಗಳು. ಆಸನದ ಮೂಲಕ ಬೆನ್ನಿಗೆ ತಿಳಿಯುವ ನಡುಕವೆಂದರೆ ಇದೇ.

ಕಿಡಿಯ ಈ ವಿದ್ಯೆಗೂ ನಮ್ಮ ಹೊಸೂರು ರಸ್ತೆಗೂ ಹಳೆಯ ನಂಟುಂಟು. ರಾಬರ್ಟ್ ಬಾಷ್‌ನ ಕಾರ್ಖಾನೆಯಲ್ಲಿ ಗಾಟ್‌ಲೋಬ್ ಹೋನೋಲ್ಡ್ ಎಂಬ ಎಂಜಿನಿಯರು 1902ರಲ್ಲಿ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೆ ಜೊತೆಯಾದ ಪ್ಲಗ್ಗನ್ನೂ ಸಿದ್ಧಪಡಿಸಿದ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಜನರ ಬಾಯಲ್ಲಿ ಮೈಕೋ, ಅದೇ ವಂಶದ ಪ್ಲಗ್ಗುಗಳನ್ನು ಆಡುಗೋಡಿಯಲ್ಲಿ ತಯಾರಿಸಿತು. 2008ರಲ್ಲಿ ಕಂಪೆನಿಯ ಹೆಸರು ಬಾಷ್ ಎಂದಾದರೂ ಬಡಾವಣೆ ಇನ್ನೂ ಮೈಕೋ ಲೇಔಟೇ. ಹಳಬ ಮೆಕ್ಯಾನಿಕ್ಕುಗಳು ಇಂದಿಗೂ ‘ಮೈಕೋ ಪ್ಲಗ್ಗು’ ಎಂದೇ ಕೇಳುವುದುಂಟು.

ಪ್ಲಗ್ಗನ್ನು ಬಿಚ್ಚಿ ಕೈಯಲ್ಲಿ ಹಿಡಿದು ಓದಲು ಬಲ್ಲವನೇ ನಿಜವಾದ ಮೆಕ್ಯಾನಿಕ್ಕೆಂದು ನಾನು ಎಣಿಸುತ್ತೇನೆ. ಬೇಗೂರು ಮುಖ್ಯರಸ್ತೆಯ ಒಂದು ಪುಟ್ಟ ಗ್ಯಾರೇಜಿನಲ್ಲಿ ಅಂತಹವನೊಬ್ಬ ಕೆಲಸಮಾಡುವುದನ್ನು ನಿಂತು ನೋಡಿದ್ದೇನೆ. ಬಿಚ್ಚಿದ ಪ್ಲಗ್ಗುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಒಂದು ಹಳೆಯ ವೃತ್ತಪತ್ರಿಕೆಯ ಮೇಲೆ ಸಾಲಾಗಿ ಇರಿಸಿದ. ಮೂರರ ತುದಿಗಳು ಒಣ ಬೂದುಗಂದು ಬಣ್ಣದವು. ಎರಡನೆಯದು ಮಾತ್ರ ಒದ್ದೆಯಾಗಿ, ಕರ್ರಗೆ, ಪೆಟ್ರೋಲು ನಾರುತ್ತಿತ್ತು. ಅವನು ಅದರ ತುದಿಯನ್ನು ಅಷ್ಟಾಗಿ ನೋಡಲಿಲ್ಲ. ತಿರುಗಿಸಿ, ಬಿಳಿಯ ಪಿಂಗಾಣಿಯ ಕತ್ತನ್ನು ಉಗುರಿನಿಂದ ಉಜ್ಜಿ, ಬೆಳಕಿಗೆ ಹಿಡಿದ. ಲೋಹದ ಬಳೆಯಿಂದ ಮೇಲಿನ ತಲೆಯವರೆಗೆ ಕೂದಲೆಳೆಯಷ್ಟು ಸಣ್ಣದಾದ ಒಂದು ಕಪ್ಪುಗೆರೆ ಹರಿದಿತ್ತು, ಉಗುರಿಗೆ ಹೋಗದ ಗೆರೆ. ಕಿಡಿಯು ಒಳಗೆ ಹಾರದೆ ಹೊರಮೈಯಿಂದಲೇ ಇಳಿದುಹೋಗುತ್ತಿದ್ದುದರ ಗುರುತು ಅದು. ‘ಪ್ಲಗ್ಗೊಂದೇ ಅಲ್ಲ ಸಾರ್, ಕಾಯಿಲ್ ಬೂಟೂ ನೋಡ್ಬೇಕು’ ಎಂದು, ಕಾಯಿಲ್ಲಿನ ರಬ್ಬರು ಕೊಳವೆಯನ್ನು ಒಳಹೊರಗಾಗಿ ಮಡಿಸಿ ತೋರಿದ. ಅದೇ ಗೆರೆಯ ಪ್ರತಿಬಿಂಬ ಅಲ್ಲಿಯೂ ಇತ್ತು. ಪ್ಲಗ್ಗನ್ನು ಮಾತ್ರ ಬದಲಿಸಿದ್ದರೆ ಹಳೆಯ ರಬ್ಬರಿನ ಮಸಿಗೆರೆಯೇ ಹೊಸ ಪ್ಲಗ್ಗಿಗೂ ದಾರಿ ತೋರಿಸಿ, ಕೆಲವೇ ದಿನಗಳಲ್ಲಿ ನಡುಕ ಮರಳುತ್ತಿತ್ತು.

ಪ್ಲಗ್ಗುಗಳಲ್ಲಿ ಸಾಧಾರಣವಾದವು ಮೂವತ್ತು ನಲವತ್ತು ಸಾವಿರ ಕಿಲೋಮೀಟರು ಬಾಳುತ್ತವೆ, ಇರಿಡಿಯಮ್ಮಿನವು ಲಕ್ಷದ ಆಸುಪಾಸಿನವರೆಗೆ. ಕಿಲೋಮೀಟರಿನ ಈ ಲೆಕ್ಕವು ಬೇಗೂರಿನಂತಹ ಕಡೆಗಳಲ್ಲಿ ಮೋಸಮಾಡುತ್ತದೆಂಬುದನ್ನೂ ಹೇಳಬೇಕು: ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಗಳ ಸಾಲಿನಲ್ಲಿ ಕಾರು ನಿಂತು ಉರಿಯುತ್ತಿರುವಷ್ಟು ಹೊತ್ತೂ ಪ್ಲಗ್ಗು ದುಡಿಯುತ್ತಲೇ ಇರುತ್ತದೆ, ಓಡೋಮೀಟರು ಮಾತ್ರ ಕದಲುವುದಿಲ್ಲ.

ಕಾಯಿಲ್ಲಿನ ಪರೀಕ್ಷೆಯಂತೂ ಇನ್ನೂ ಸರಳ, ಮತ್ತು ಕಾಸಿಲ್ಲದ್ದು. ಈಗಿನ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ ಹದಿನಾರು ಕಡ್ಡಿಗಳ ಒಂದು ಸಾಕೆಟ್ಟಿರುತ್ತದೆ. ಅದಕ್ಕೆ ಸ್ಕ್ಯಾನರು ಸೇರಿಸಿದರೆ ಎಂಜಿನ್ನಿನ ಗಣಕವು ತಾನು ಕಂಡ ದೋಷಗಳನ್ನು ಸಂಕೇತಗಳಲ್ಲಿ ಒಪ್ಪಿಸುತ್ತದೆ. ಪಿ0300 ಎಂದರೆ ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುತ್ತಿರುವ ಕಿಡಿ ಅಥವಾ ಉರಿ. ಪಿ0302 ಎಂದರೆ ತಪ್ಪುತ್ತಿರುವುದು ಎರಡನೆಯ ಸಿಲಿಂಡರಿನಲ್ಲಿ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ಲಿರುವ ಎಂಜಿನ್ನಿನಲ್ಲಿ ಎರಡನೆಯದರ ಕಾಯಿಲ್ಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಅದಲುಬದಲು ಮಾಡಿ, ಸಂಕೇತವನ್ನು ಅಳಿಸಿ, ಮತ್ತೊಮ್ಮೆ ಓಡಿಸಿ ನೋಡಬೇಕು. ದೂರು ಪಿ0303 ಎಂದು ಬದಲಾದರೆ ಕಾಯಿಲ್ಲೇ ಅಪರಾಧಿ. ಪಿ0302 ಎಂದೇ ಉಳಿದರೆ ಕಾಯಿಲ್ಲು ನಿರ್ದೋಷಿ, ಪ್ಲಗ್ಗನ್ನೋ ಇಂಜೆಕ್ಟರನ್ನೋ ಕಂಪ್ರೆಷನ್ನನ್ನೋ ನೋಡತಕ್ಕದ್ದು. ಅರ್ಧ ಗಂಟೆಯ ಈ ಕೆಲಸವನ್ನು ಬಿಟ್ಟು ನಾಲ್ಕೂ ಕಾಯಿಲ್ಲುಗಳನ್ನು ಬದಲಿಸಲು ಹೇಳುವವರನ್ನು ನಾನು ನಂಬುವುದಿಲ್ಲ.

ಹಾಗೆಂದು ಸಂಕೇತಗಳನ್ನು ವೇದವಾಕ್ಯವಾಗಿ ಹಿಡಿಯುವುದೂ ಸಲ್ಲದು. ನಮ್ಮ ಸುತ್ತಿನ ಒಡೆಯರು ಬಹುಮಂದಿ ಕಂಪ್ಯೂಟರಿನ ವೃತ್ತಿಯವರಾದುದರಿಂದ, ಅಗ್ಗದ ಬ್ಲೂಟೂತ್ ಸಾಧನವೊಂದನ್ನು ಕೊಂಡು, ಮೊಬೈಲಿನಲ್ಲಿ ಸಂಕೇತವನ್ನು ಓದಿಕೊಂಡೇ ಗ್ಯಾರೇಜಿಗೆ ಬಂದು, ‘ಪಿ0171 ಬಂದಿದೆ, ಆಕ್ಸಿಜನ್ ಸೆನ್ಸರ್ ಬದಲಿಸಿ’ ಎಂದು ಆಜ್ಞಾಪಿಸುತ್ತಾರೆ. ಆ ಸಂಕೇತ ಹೇಳುವುದು ಮಿಶ್ರಣದಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲಿಲ್ಲವೆಂಬುದನ್ನು ಮಾತ್ರ. ಹಾಗೆಂದು ವರದಿ ಮಾಡಿದ ಸೆನ್ಸರು ಪ್ರಾಮಾಣಿಕ ಸಾಕ್ಷಿಯಾಗಿದ್ದು, ತಪ್ಪು ಹರಿದ ಗಾಳಿಕೊಳವೆಯದೋ ಮುಚ್ಚಿಹೋದ ಇಂಧನದ ಫಿಲ್ಟರಿನದೋ ಇರಬಹುದು. ಸಾಕ್ಷಿಯನ್ನೇ ಶಿಕ್ಷಿಸುವ ಈ ಪದ್ಧತಿಯಿಂದ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಗೆ ಲಾಭ, ಕಾರಿಗೆ ಏನೂ ಇಲ್ಲ.

ಕಿಡಿಯು ಸರಿಯಿದ್ದೂ ನಡುಕ ನಿಲ್ಲದಿದ್ದರೆ ಇಂಧನವನ್ನೂ ಗಾಳಿಯನ್ನೂ ವಿಚಾರಿಸಬೇಕು. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ನಿಧಾನವಾಗಿ ಓಡುವಾಗ ಮುಚ್ಚಿಕೊಂಡ ಫಿಲ್ಟರಿನ ಮೂಲಕವೂ ಸಾಲುವಷ್ಟು ಪೆಟ್ರೋಲು ಜಿನುಗೀತು. ಏರುದಾರಿಯಲ್ಲಿ ತುಳಿದಾಗ ಪಂಪು ಏದುಸಿರು ಬಿಡುತ್ತದೆ, ಒತ್ತಡ ಕುಸಿಯುತ್ತದೆ, ಎಂಜಿನ್ನು ಹಿಂದೆಳೆದಂತೆ ಮುಗ್ಗರಿಸುತ್ತದೆ. ಕಿಡಿ ತಪ್ಪಿದಾಗಿನ ಪೆಟ್ಟು ಚೂಪಾಗಿರುತ್ತದೆ, ಇಂಧನ ಸಾಲದಾಗಿನದು ಅಲೆಯಲೆಯಾಗಿರುತ್ತದೆ. ಕೆಲವು ಬಾರಿ ಅನುಭವಿಸಿದವರಿಗೆ ಈ ಭೇದವು ಚೆನ್ನಾಗಿಯೇ ತಿಳಿಯುತ್ತದೆ. ಇಂಧನದ ಒತ್ತಡವನ್ನು ಮಾಪಕವಿಟ್ಟು ಅಳೆಯದೆ ಪಂಪು ಬದಲಿಸಬಾರದು.

ಎಥನಾಲಿನ ಪ್ರಶ್ನೆಯೂ ಈಗ ಎಲ್ಲರ ಬಾಯಲ್ಲಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲನ್ನು ಪ್ರಧಾನಮಂತ್ರಿಗಳು 2023ರ ಫೆಬ್ರವರಿ 6ರಂದು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಿಯೇ, ಇಂಡಿಯಾ ಎನರ್ಜಿ ವೀಕ್ ಸಮ್ಮೇಳನದಲ್ಲಿ. ಹಳೆಯ ಕಾರಿನ ಪ್ರತಿಯೊಂದು ಕೆಮ್ಮನ್ನೂ ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಎಥನಾಲು ನೀರನ್ನು ಹೀರುವ ದ್ರವವೆಂಬುದೂ, ನೀರು ಮಿತಿಮೀರಿದರೆ ಎಥನಾಲು ಅದರೊಡನೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುವುದೆಂಬುದೂ ನಿಜ. ಜಡಿಮಳೆಯ ಮರುದಿನ ಇಂಧನ ತುಂಬಿಸಿಕೊಂಡು ಹೊರಟ ಕಾರು ಒಂದೆರಡು ಕಿಲೋಮೀಟರಿನಲ್ಲಿಯೇ ನಡುಗತೊಡಗಿದರೆ, ಟ್ಯಾಂಕಿನಿಂದ ಒಂದಿಷ್ಟನ್ನು ಪಾರದರ್ಶಕವಾದ ಸೀಸೆಗೆ ಇಳಿಸಿ ಕಾಲು ಗಂಟೆ ನೆಟ್ಟಗೆ ನಿಲ್ಲಿಸಿ ನೋಡಬೇಕು. ಕೆಳಗೆ ಬೇರೊಂದು ಪದರ ಕಂಡಿತೋ, ಟ್ಯಾಂಕು ಬರಿದಾಗಿಸಿ ತೊಳೆಯುವುದಲ್ಲದೆ ಬೇರೆ ಮದ್ದಿಲ್ಲ. ಮನೆಯಿಂದಲೇ ಕೆಲಸಮಾಡುವವರ ಕಾರು ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತಿದ್ದರೂ ಇದೇ ಪರೀಕ್ಷೆ ಯೋಗ್ಯ. ಅಂತಹ ಕಾರಿನಲ್ಲಿ ಇಲಿಯ ಹಲ್ಲಿಗೆ ಸಿಕ್ಕ ವೈರುಗಳನ್ನು ಮಾತ್ರ ಅದಕ್ಕಿಂತ ಮೊದಲೇ ಹುಡುಕತಕ್ಕದ್ದು. ಬ್ಯಾಟರಿಯ ಹಿಂಬದಿಯಲ್ಲಿ ಹಿಕ್ಕೆ ಕಂಡರೆ ಅರ್ಧ ರೋಗನಿರ್ಣಯ ಮುಗಿದಂತೆ.

ಎಂಜಿನ್ನು ಸಂಪೂರ್ಣ ಆರೋಗ್ಯದಲ್ಲಿದ್ದೂ ಗಾಡಿಯು ತುಳಿದಾಗ ನಡುಗುವ ಒಂದು ಪ್ರಸಂಗವುಂಟು. ಬೇಗೂರು ಸುತ್ತಿನಲ್ಲಿ ಇದು ಎಷ್ಟು ಸಾಮಾನ್ಯವೋ ಅಷ್ಟೇ ಅಲಕ್ಷಿತ. ಮುಂದಿನ ಚಕ್ರಗಳಿಂದ ಓಡುವ ಕಾರುಗಳಲ್ಲಿ ಗೇರುಪೆಟ್ಟಿಗೆಯಿಂದ ಚಕ್ರಕ್ಕೆ ಶಕ್ತಿಯನ್ನು ಒಯ್ಯುವ ಆಕ್ಸಲ್ಲಿಗೆ ಎರಡು ಕೀಲುಗಳಿರುತ್ತವೆ. ಹೊರಗಿನದು ಸವೆದರೆ ತಿರುವಿನಲ್ಲಿ ಕಟಕಟನೆ ಸದ್ದಾಗುತ್ತದೆ, ಅದು ಎಲ್ಲರಿಗೂ ತಿಳಿದದ್ದೇ. ಒಳಗಿನದು ಸದ್ದು ಮಾಡುವುದಿಲ್ಲ. ಅದರೊಳಗೆ ಮೂರು ಕವಲಿನ ಒಂದು ತುಂಡು, ಪ್ರತಿ ಕವಲಿಗೂ ಸೂಜಿಬೇರಿಂಗಿನ ಮೇಲೆ ಹೊರಳುವ ಒಂದು ಉರುಳೆ, ಆ ಉರುಳೆಗಳು ಜಾರಲು ಮೂರು ತೋಡುಗಳು. ಭಾರ ಬಿದ್ದಾಗ, ಸವೆದ ತೋಡಿನಲ್ಲಿ ಉರುಳೆಯು ಜಾರದೆ ಸಿಕ್ಕಿಕೊಂಡು ಬಿಡುಗಡೆಯಾಗುತ್ತದೆ, ಚಕ್ರದ ಸುತ್ತೊಂದಕ್ಕೆ ಮೂರು ಬಾರಿ. ಗಂಟೆಗೆ 72 ಕಿಲೋಮೀಟರಿನ ವೇಗದಲ್ಲಿ ಸಾಧಾರಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು ಹತ್ತು ಸುತ್ತು ತಿರುಗುವುದರಿಂದ, ಸೆಕೆಂಡಿಗೆ ಮೂವತ್ತು ಪೆಟ್ಟುಗಳು ಗಾಡಿಯನ್ನು ಎಡಬಲಕ್ಕೆ ತೂಗುತ್ತವೆ. ಕಾಲೆತ್ತಿದೊಡನೆ ಆ ಕ್ಷಣದಲ್ಲಿಯೇ ನಿಲ್ಲುತ್ತದೆ. ಸ್ಕ್ಯಾನರಿನಲ್ಲಿ ಒಂದು ಸಂಕೇತವೂ ಬರುವುದಿಲ್ಲ. ಪ್ಲಗ್ಗು, ಕಾಯಿಲ್ಲು, ಪಂಪು ಎಲ್ಲವನ್ನೂ ಬದಲಿಸಿ ಬೇಸತ್ತವರ ಕಾರುಗಳಲ್ಲಿ ಕೊನೆಗೆ ಸಿಕ್ಕಿಬೀಳುವುದು ಅನೇಕ ವೇಳೆ ಈ ಕೀಲೇ.

ಅದರ ಕಥೆ ಆರಂಭವಾಗುವುದು ಒಂದು ರಬ್ಬರು ಬೂಟಿನಿಂದ. ಕಿತ್ತುಬಂದ ಜಲ್ಲಿ, ಹಂಪು, ಗುಂಡಿಗಳ ದೆಸೆಯಿಂದ ಬೂಟು ಬಿರಿಯುತ್ತದೆ. ಗ್ರೀಸು ಹೊರಬಂದು, ಮಳೆಯ ನೀರೂ ಮಣ್ಣೂ ಒಳಹೋಗುತ್ತವೆ. ಗಾಡಿಯನ್ನು ಎತ್ತಿಸಿದಾಗ ಗೇರುಪೆಟ್ಟಿಗೆಯ ಪಕ್ಕದಲ್ಲಿಯೂ ಚಕ್ರದ ಒಳಬದಿಯಲ್ಲಿಯೂ ಕಪ್ಪನೆಯ ಜಿಡ್ಡು ಎರಚಿಕೊಂಡಿದ್ದರೆ ಬೂಟು ಹರಿದಿದೆಯೆಂದೇ ಅರ್ಥ. ಆ ಹಂತದಲ್ಲಿಯೇ ಬೂಟು ಬದಲಿಸಿ ಹೊಸ ಗ್ರೀಸು ತುಂಬಿದರೆ ಅಲ್ಪ ವೆಚ್ಚದಲ್ಲಿ ಮುಗಿಯುತ್ತದೆ. ಬಿಟ್ಟರೆ ಕೀಲನ್ನೋ ಇಡೀ ಆಕ್ಸಲ್ಲನ್ನೋ ಕೊಳ್ಳಬೇಕು.

ಎರಡನೆಯ ಬಗೆಯಲ್ಲಿಯೂ ಸಂಶಯಕ್ಕೆ ಪಾತ್ರವಾಗುವ ಎಂಜಿನ್ ಮೌಂಟಿಂಗುಗಳ ಸಂಗತಿ ಹೆಚ್ಚಿನ ಮಾತು ಬೇಡುವುದಿಲ್ಲ. ಎಂಜಿನ್ನನ್ನು ಹೊತ್ತ ರಬ್ಬರು ಹರಿದಿದ್ದರೆ ತುಳಿದಾಗ ಅದು ತನ್ನ ಪೀಠದಲ್ಲಿಯೇ ಹೊರಳಿ ಮೈಗೆ ತಾಗುತ್ತದೆ, ಗೇರಿನ ಹಿಡಿ ಕುಣಿಯುತ್ತದೆ. ಕೈಬ್ರೇಕು ಕಾಲುಬ್ರೇಕುಗಳೆರಡನ್ನೂ ಬಿಗಿಹಿಡಿದು, ಬಾನೆಟ್ಟು ತೆರೆದು, ಕ್ಲಚ್ಚನ್ನು ತುಸುವೇ ಬಿಟ್ಟರೆ ಎಂಜಿನ್ನು ಎಷ್ಟು ಏಳುವುದೆಂದು ಬದಿಯಲ್ಲಿ ನಿಂತವರಿಗೆ ಕಾಣುತ್ತದೆ. ಬದಿಯಲ್ಲಿ, ಗಾಡಿಯ ಮುಂದೆ ಯಾರೂ ನಿಲ್ಲಕೂಡದು.

ಕ್ಲಚ್ಚಿನ ನಡುಕವನ್ನು ಗುರುತಿಸುವುದು ಸುಲಭ: ನಿಂತಲ್ಲಿಂದ ಹೊರಡುವಾಗ, ಮೊದಲ ಗೇರಿನಲ್ಲಿ ಅಥವಾ ರಿವರ್ಸಿನಲ್ಲಿ ಮಾತ್ರ ಬಂದು, ಕ್ಲಚ್ಚು ಪೂರ್ತಿ ಬಿಟ್ಟ ಮೇಲೆ ಇರುವುದಿಲ್ಲ. ಅರೆ ಕ್ಲಚ್ಚಿನಲ್ಲಿ ಗಂಟೆಗಟ್ಟಲೆ ತೆವಳಿದ ಫಲವಾಗಿ ಪ್ಲೇಟು ಗಾಜಿನಂತೆ ನುಣುಪಾಗಿ, ಫ್ಲೈವೀಲಿನ ಮೇಲೆ ನೀಲಿಯ ಸುಟ್ಟಕಲೆಗಳು ಬಿದ್ದಿರುತ್ತವೆ, ಅಥವಾ ಎಂಜಿನ್ನಿನ ಹಿಂದಿನ ಸೀಲಿನಿಂದ ಆಯಿಲು ಸೋರಿ ಪ್ಲೇಟನ್ನು ತೋಯಿಸಿರುತ್ತದೆ. ಸೀಲನ್ನು ನೋಡದೆ, ಫ್ಲೈವೀಲನ್ನು ಉಜ್ಜಿಸದೆ ಕ್ಲಚ್ ಸೆಟ್ಟನ್ನು ಮಾತ್ರ ಹಾಕಿಸಿದರೆ ದುಡ್ಡು ದಂಡ. ಟಾರ್ಕ್ ಕನ್ವರ್ಟರಿರುವ ಆಟೊಮ್ಯಾಟಿಕ್ ಗಾಡಿಗಳಲ್ಲಿ ಬೇರೊಂದು ತೆರನಿದೆ: ಗಂಟೆಗೆ ಐವತ್ತರಿಂದ ಎಂಬತ್ತರ ನಡುವೆ ಹಗುರವಾಗಿ ತುಳಿದಿರುವಾಗ ಒರಟು ಪಟ್ಟಿಗಳ ಮೇಲೆ ಓಡಿದಂತೆ ಒಂದೆರಡು ಸೆಕೆಂಡು ನಡುಗಿ ಸುಮ್ಮನಾಗುವುದು. ಅದು ಒಳಗಿನ ಲಾಕಪ್ ಕ್ಲಚ್ಚು ಹಿಡಿಯಲಾರದೆ ಜಾರುತ್ತಿರುವುದರ ಚಿಹ್ನೆ. ಬಹಳ ಸಲ ದ್ರವವನ್ನು, ತಯಾರಕರು ನಿರ್ದೇಶಿಸಿದ ದರ್ಜೆಯದನ್ನೇ, ಬದಲಿಸಿದರೆ ಗುಣವಾಗುತ್ತದೆ. ಗೇರುಪೆಟ್ಟಿಗೆಯನ್ನೇ ಇಳಿಸಬೇಕೆಂದು ಹೇಳಿದವರಿಗೆ ಮೊದಲು ದ್ರವದ ಬಣ್ಣವನ್ನು ತೋರಿಸಲು ಹೇಳಿ.

ಮೂರನೆಯ ಬಗೆಯದು, ವೇಗವನ್ನು ಮಾತ್ರ ಅನುಸರಿಸುವ ನಡುಕ, ಚಕ್ರಗಳದು. ನಮ್ಮಲ್ಲಿ ಒಂದು ಹಟಮಾರಿ ನಂಬಿಕೆಯಿದೆ: ಸ್ಟೀರಿಂಗು ನಡುಗಿದರೆ ಅಲೈನ್‌ಮೆಂಟ್ ಮಾಡಿಸುವುದು. ಅಲೈನ್‌ಮೆಂಟ್ ತಪ್ಪಿದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ, ನಡುಗುವುದಿಲ್ಲ. ನಡುಗುವುದು ಬ್ಯಾಲೆನ್ಸು ತಪ್ಪಿದಾಗ, ಗುಂಡಿಗೆ ಬಿದ್ದು ರಿಮ್ಮು ಸೊಟ್ಟಗಾದಾಗ, ಅಥವಾ ಟೈರಿನ ಪಕ್ಕದ ಗೋಡೆ ಒಳಗೆ ಹರಿದು ಗುಳ್ಳೆಯೆದ್ದಾಗ. ಗುಳ್ಳೆಯೆದ್ದ ಟೈರಿಗೆ ರಿಪೇರಿಯಿಲ್ಲ. ಅದನ್ನು ಅಂದೇ ತೆಗೆಸಬೇಕು.

ಡೀಸೆಲ್ ಗಾಡಿಗಳಲ್ಲಿ ಕಿಡಿಯೇ ಇಲ್ಲದಿರುವುದರಿಂದ ಫಿಲ್ಟರಿನ ನೀರು, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ, ಮಸಿ ಕಟ್ಟಿದ ಇ.ಜಿ.ಆರ್. ಕವಾಟ, ಇಂಜೆಕ್ಟರು ಇವೇ ಮುಖ್ಯ. 2020ರ ಏಪ್ರಿಲಿನ ಭಾರತ್ ಸ್ಟೇಜ್ ಆರು ಎಂಬ ಹೊಗೆ ನಿಯಮದ ನಂತರದವುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರೊಂದು ಸೇರಿದ್ದು, ಆಗಾಗ ದೀರ್ಘವಾದ ವೇಗದ ಓಟ ದೊರೆತು ಕಾದರೆ ಮಾತ್ರ ಅದು ಶುದ್ಧವಾಗುತ್ತದೆ. ಬೇಗೂರಿನಿಂದ ಬೊಮ್ಮನಹಳ್ಳಿಗೆ, ಬೊಮ್ಮನಹಳ್ಳಿಯಿಂದ ಬೇಗೂರಿಗೆ ಮಾತ್ರ ಓಡಾಡುವವರು ಡೀಸೆಲ್ ಕಾರನ್ನು ಕೊಳ್ಳದಿರುವುದೇ ಲೇಸು. ವಿದ್ಯುತ್ ಕಾರುಗಳಿಗೆ ಪ್ಲಗ್ಗೂ ಇಲ್ಲ ಕ್ಲಚ್ಚೂ ಇಲ್ಲ. ಇದೇ ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಈ ನಡುಕದ ಅರ್ಧ ಕಾರಣಗಳನ್ನು ಅಂದೇ ತೊಡೆದುಹಾಕಿತ್ತು. ಆಕ್ಸಲ್ಲು, ಟೈರುಗಳ ಕಾರಣಗಳು ವಿದ್ಯುತ್ ಕಾರುಗಳಿಗೂ ತಪ್ಪಿದ್ದಲ್ಲ.

ಗ್ಯಾರೇಜಿಗೆ ಹೋಗುವವರಲ್ಲಿ ನನ್ನ ಬಿನ್ನಹ ಇಷ್ಟು. ‘ವೈಬ್ರೇಷನ್ ಇದೆ, ನೋಡಿ’ ಎಂದು ಬೀಗದಕೈ ಕೊಟ್ಟು ಆಫೀಸಿಗೆ ಓಡಬೇಡಿ. ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ತಣ್ಣಗಿದ್ದಾಗಲೋ ಕಾದ ಮೇಲೆಯೋ, ಕಾಲೆತ್ತಿದರೆ ನಿಲ್ಲುವುದೋ ಇಲ್ಲವೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ನಡುಕವನ್ನು ಅವನ ಬೆನ್ನಿಗೂ ತಿಳಿಯುವಂತೆ ಒಂದು ಸುತ್ತು ಹಾಕಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಒಂದು ವಿಷಯದಲ್ಲಂತೂ ವಿಳಂಬವೇ ಕೂಡದು: ನಡುಗುವಾಗ ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಸುಮ್ಮನೆ ಉರಿಯದೆ ಮಿನುಗತೊಡಗಿದರೆ, ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಸೇರಿ ಅಲ್ಲಿ ಉರಿಯುತ್ತಿದೆಯೆಂದು ಅರ್ಥ. ಕೆಲವು ನೂರು ರೂಪಾಯಿಯ ಪ್ಲಗ್ಗಿನ ದೋಷದಿಂದ ಹಲವು ಸಾವಿರಗಳ ಕನ್ವರ್ಟರು ಕರಗಿಹೋಗುವುದು ಹೀಗೆಯೇ. ಅಂತಹ ಕಾರನ್ನು ‘ಇವತ್ತೊಂದು ದಿನ ಆಫೀಸಿಗೆ’ ಎಂದು ಓಡಿಸಬೇಡಿ, ಎಳೆಯಿಸಿಕೊಂಡು ಗ್ಯಾರೇಜಿಗೆ ಒಯ್ಯಿರಿ. ಎಲೆಕ್ಟ್ರಾನಿಕ್ ಸಿಟಿಗೆ ಹೋಗಲು ಹೊಂಗಸಂದ್ರದ ನಿಲ್ದಾಣದಿಂದ 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೊ ಓಡುತ್ತಿದೆ.